ಅಮ್ಮನ ಪಕ್ಕದ ಸಾಲು

ಅಮ್ಮ ನನ್ನನ್ನು ಮೊದಲ ಸಲ "ಸ್ವಾಮಿ" ಎಂದು ಕರೆದದ್ದು ಒಂದು ಮಧ್ಯಾಹ್ನ. ಊಟ ಮುಗಿಸಿ ಹಾಲ್‌ನಲ್ಲಿದ್ದ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದ್ದೆ. ಅಮ್ಮ ಬಾಗಿಲ ಪಕ್ಕ ಬಂದು ನಿಂತು, ಸೆರಗು ಹೊದ್ದು, ಕೈ ಕಟ್ಟಿಕೊಂಡು, "ಯಜಮಾನ್ರು ಮನೇಲಿಲ್ಲ ಸ್ವಾಮಿ, ನಾಳೀಕ್ ಬನ್ನಿ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ನಾನು ಎದ್ದು ಹೋಗುವವರೆಗೂ ಹಾಗೇ ನಿಂತಿದ್ದಳು.

ಅವಳ ನೆನಪು ಅದಕ್ಕೂ ಮೊದಲೇ ಜಾರತೊಡಗಿತ್ತು. ಮೊದಲು ತರಕಾರಿಗಳ ಹೆಸರು ಹೋದವು, ಆಮೇಲೆ ಬೀದಿಯವರ ಹೆಸರು, ಆಮೇಲೆ ಮೊಮ್ಮಕ್ಕಳದು. ನನ್ನ ಸರದಿ ಮಾತ್ರ ಬರುವುದಿಲ್ಲವೆಂಬ ಧೈರ್ಯದಲ್ಲಿದ್ದೆ. ಒಬ್ಬನೇ ಮಗ ನೋಡಿ, ಆ ಜಂಬ. ಡಾಕ್ಟರು ಮೊದಲೇ ಹೇಳಿದ್ದರು, ಹೆಸರುಗಳು ಹೋದ ಮೇಲೆ ಮಾತೂ ಒಂದೊಂದಾಗಿ ಹೋಗುತ್ತದೆ, ಇರುವಷ್ಟು ದಿನ ಮಾತಾಡಿಸಿಕೊಳ್ಳಿ ಎಂದು. ಮಾತಾಡಿಸೋಣವೆಂದು ಹೋದರೆ ನನಗೆ ಸಿಗುತ್ತಿದ್ದುದು ಅದೊಂದೇ ಮಾತು, ಯಜಮಾನರು ಮನೆಯಲ್ಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಹಾಗೆ ನೋಡಿದರೆ ಅವಳು ಹೇಳುತ್ತಿದ್ದುದು ಸುಳ್ಳೇನೂ ಅಲ್ಲ.

ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ಬಾಣಸವಾಡಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಅದಕ್ಕೆ ಗೋಣಿಚೀಲ ಹೊದಿಸಿ ಅಟ್ಟದ ಕೆಳಗೆ ಇಟ್ಟಿರುತ್ತಿದ್ದರು. ಜಮೀನು ಅಳೆಯುವವರೋ ನೋಟೀಸು ತರುವವರೋ ಬಂದರೆ ಮಾತ್ರ ಅದು ಅಂಗಳಕ್ಕೆ ಬರುತ್ತಿತ್ತು. ಮನೆಯವರು ಯಾರೂ ಅದರ ಮೇಲೆ ಕೂರುವಂತಿರಲಿಲ್ಲ, ಅಪ್ಪ ಕೂಡ. ಆ ಅಧಿಕಾರಿಗಳು ಬಂದಾಗಲೆಲ್ಲ ಅಪ್ಪ ಹಿತ್ತಿಲ ಬಾಗಿಲಿಂದ ಹೊಲಕ್ಕೆ ಜಾರಿಕೊಳ್ಳುತ್ತಿದ್ದ, ಅಮ್ಮ ಮುಂಬಾಗಿಲಲ್ಲಿ ನಿಂತು ಇದೇ ಮಾತು ಹೇಳುತ್ತಿದ್ದಳು. ಹೇಳಿ ಹೇಳಿಯೂ ಹೊಲ ಉಳಿಯಲಿಲ್ಲ, ಲೇಔಟ್ ಆಯಿತು. ಉಳಿದ ತುಂಡಿನಲ್ಲಿ ನಾವು ಮನೆ ಕಟ್ಟಿ, ಮೇಲೆ ಬಾಡಿಗೆಗೆ ಎರಡು ಮನೆ ಎತ್ತಿದೆವು. ನಾನು ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕುರ್ಚಿಯ ಮೇಲೆ ಕೂತು ಕೂತೇ ರಿಟೈರ್ ಆದೆ. ಈಗ ಅಮ್ಮನ ಕಣ್ಣಿಗೆ, ಕುರ್ಚಿಯಲ್ಲಿ ಕೂತ ನಾನೇ ಹೊಲ ಅಳೆಯಲು ಬಂದವನು.

ಮಧ್ಯಾಹ್ನ ದೊಡ್ಡ ಕಿಟಕಿಯಿಂದ ಬಿಸಿಲು ಬಂದು ಹಾಲಿನ ನೆಲದ ಮೇಲೆ ಬಿದ್ದರೆ ಅಮ್ಮ ಕೋಣೆಯಿಂದ ಎದ್ದು ಬರುತ್ತಿದ್ದಳು. ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಹಿಮ್ಮಡಿ ಎರಡೂ ನೆಲಕ್ಕೆ ಅಂಟಿದ್ದವು, ಮೈಯಲ್ಲಿ ಎಲ್ಲೂ ಬಿಗಿಯಿರಲಿಲ್ಲ. ಟೈಲ್ಸ್ ನಡುವಿನ ಗೆರೆ ಅವಳಿಗೆ ರಾಗಿ ಹೊಲದ ಸಾಲು. ಗೆರೆ ಹಿಡಿದು ಕೂತಲ್ಲೇ ಸ್ವಲ್ಪ ಸ್ವಲ್ಪವೇ ಮುಂದೆ ಜರುಗುತ್ತಾ, ನಮಗೆ ಕಾಣದ ಕಳೆಯನ್ನು ಕಿತ್ತು ಪಕ್ಕಕ್ಕೆ ಎಸೆಯುತ್ತಾ ಹೋಗುವಳು. ಗೋಡೆ ಬಂದರೆ ತಿರುಗಿ ಮುಂದಿನ ಸಾಲು.

ಆ ಹೊತ್ತಿನಲ್ಲಿ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸ್ಟೇಷನ್ನಿನ ಕಡೆ ರೈಲೊಂದು ಕೂಗಿ ಸುಮ್ಮನಾಗುವುದು. ಬಿಸಿಲು ನೆಲದ ಮೇಲೆ ಹರಿಯುತ್ತಾ ಹೋದಂತೆ ಅಮ್ಮನೂ ಅದರ ಹಿಂದೆ ಹೋಗುವಳು. ನೋಡುತ್ತಾ ನಿಂತರೆ ನನಗೂ ತೂಕಡಿಕೆ ಬಂದ ಹಾಗಾಗಿ, ಕಾಲ ಕೆಳಗಿನ ನೆಲ ಮೆತ್ತಗಾದಂತೆ, ಎಲ್ಲೋ ಒದ್ದೆ ಮಣ್ಣಿನ ವಾಸನೆ ಬಂದಂತೆ ಅನ್ನಿಸುತ್ತಿತ್ತು. ಟೈಲ್ಸ್ ಹಾಕುವ ಮೊದಲು ಅದು ನಮ್ಮ ಹೊಲವೇ ತಾನೇ.

ನನ್ನ ಹೆಂಡತಿ ಅವಳ ಪಕ್ಕ ಆರಾಮಾಗಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅತ್ತೆ ಸೊಸೆಗೆ ಮಾತೋ ಮಾತು. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಬಾವಿಯಲ್ಲಿ ನೀರು ಎಷ್ಟಿದೆ. ಸತ್ತು ಹೋದವರ ಸಮಾಚಾರವನ್ನೆಲ್ಲ ನನ್ನ ಹೆಂಡತಿ ಮೊನ್ನೆ ನೋಡಿಕೊಂಡು ಬಂದವಳಂತೆ ಹೇಳುತ್ತಿದ್ದಳು. ನಾನು ಹತ್ತಿರ ಹೋದರೆ ಮಾತು ನಿಂತುಹೋಗುತ್ತಿತ್ತು. ಅಮ್ಮ ಕಣ್ಣಲ್ಲೇ ಸನ್ನೆ ಮಾಡಿ, ಅವರು ಬಂದಿದ್ದಾರೆ ಎಂದು ಸೊಸೆಯನ್ನು ಎಚ್ಚರಿಸುತ್ತಿದ್ದಳು. ಹೊಟ್ಟೆ ಉರಿದುಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೆತ್ತದ್ದು ನನ್ನನ್ನು, ಸುದ್ದಿ ಎಲ್ಲ ಇವಳಿಗೆ.

ನಾನೂ ಸುಮ್ಮನೆ ಕೂತವನಲ್ಲ. ಒಂದು ದಿನ ಕಾಲು ಚಾಚಿಕೊಂಡು ನೆಲದ ಮೇಲೆ ಕೂತೆ. ಕಾಲು ತನ್ನ ಕಡೆ ಮಾಡಿದ್ದಾನೆಂದು ಅಮ್ಮ ಮುಖ ತಿರುಗಿಸಿದಳು. ಇನ್ನೊಂದು ದಿನ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತೆ. ಯಾರೋ ಊಟಕ್ಕೆ ಬಂದಿದ್ದಾರೆ, ಎಲೆ ಹಾಕು ಎಂದು ಸೊಸೆಗೆ ಕೂಗಿ ಹೇಳಿದಳು. ಆ ವಾರವೇ ಪೈಪು ಸೋರುತ್ತಿದೆಯೆಂದು ಪ್ಲಂಬರ್ ಬಂದಿದ್ದ. ಬಚ್ಚಲ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಪ್ಯಾನರ್ ತಿರುಗಿಸುತ್ತಿದ್ದ. ಅಮ್ಮ ಸಾಲು ಹಿಡಿದು ಜರುಗುತ್ತಾ ನೇರ ಅವನ ಪಕ್ಕಕ್ಕೆ ಹೋದಳು. ನಿನ್ನ ಸಾಲು ಎಲ್ಲಿಗೆ ಬಂತು, ಬೆನ್ನು ನೋಯುತ್ತಾ, ನೀರು ಕುಡಿದೆಯಾ ಎಂದೆಲ್ಲ ವಿಚಾರಿಸಿಕೊಂಡಳು. ಅವನು ನಗುನಗುತ್ತಾ ಎಲ್ಲಕ್ಕೂ ಹೂಂ ಅನ್ನುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಪಾಪ, ಅವನದೇನು ತಪ್ಪು.

ಹೆಂಡತಿ ವಿಷಯವನ್ನು ಒಂದೇ ಮಾತಿಗೆ ತಂದಳು. ನೀವೂ ಹಾಗೇ ಕೂತರಾಯಿತು, ಅತ್ತೆ ನಿಮ್ಮನ್ನೂ ಹೊಲದವರು ಅಂದುಕೊಳ್ಳುತ್ತಾರೆ ಅಂದಳು. ಸರಿ, ಹಾಲಿನಲ್ಲೇ ಕುರ್ಚಿಯ ಕೈ ಹಿಡಿದು ಇಳಿಯಲು ನೋಡಿದೆ. ಮಂಡಿ ಅರ್ಧ ದಾರಿಯಲ್ಲೇ ನಿಂತವು, ಹಿಮ್ಮಡಿ ಮೇಲೆದ್ದಿತು, ಹಿಂದಕ್ಕೆ ಕುಕ್ಕರಿಸಿ ಬಿದ್ದೆ. ಅಮ್ಮ ತನ್ನ ಸಾಲಿನಿಂದ ತಲೆಯೆತ್ತಿ ನೋಡಿ, ಸ್ವಾಮಿಯವರು ಬಿದ್ದರು ಎಂದು ಸೊಸೆಗೆ ವರದಿ ಮಾಡಿದಳು. ಇಬ್ಬರೂ ಸೇರಿ ನನ್ನನ್ನು ಎತ್ತಬೇಕಾಯಿತು.

ತೈಚಿ ಎಂಬ ಚೀನೀ ವ್ಯಾಯಾಮದ ಮಾತನ್ನು ಮನೆಗೆ ತಂದವಳೂ ಹೆಂಡತಿಯೇ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಮೊದಲು ಪಾರ್ಲರ್ ನಡೆಸುತ್ತಿದ್ದ ಒಬ್ಬ ಚೀನೀ ಹೆಂಗಸು ಈಗ ಹಲಸೂರು ಕೆರೆಯ ದಂಡೆಯಲ್ಲಿ ವಯಸ್ಸಾದವರಿಗೆ ಅದನ್ನು ಕಲಿಸುತ್ತಾರೆ, ಅಲ್ಲಿ ಎಪ್ಪತ್ತರ ಮುದುಕರೂ ನೆಲಮಟ್ಟ ಇಳಿದು ಏಳುತ್ತಾರೆ ಎಂದಳು. ಹುಬ್ಬು ತಿದ್ದುತ್ತಿದ್ದವರು ಮಂಡಿಯನ್ನೂ ತಿದ್ದುತ್ತಾರಾ ಎಂದು ಕೊಂಕು ತೆಗೆದೆ. ಬೇಡವಾದರೆ ಪ್ಲಂಬರನ್ನೇ ದಿನಾ ಕರೆಸಿ ಅಂದಳು. ಮಾರನೆಯ ಬೆಳಗ್ಗೆ ಸ್ಕೂಟರ್ ತೆಗೆದೆ.

ಕತ್ತಲು ಹರಿಯುವ ಹೊತ್ತಿಗೆ ಕಾಕ್ಸ್ ಟೌನ್ ದಾಟಿ ಕೆರೆಗೆ ಬಂದರೆ ನೀರಿನ ಮೇಲೆ ಮಂಜು ಕೂತಿರುತ್ತಿತ್ತು. ನಡುವಿನ ದ್ವೀಪದ ಮರಗಳು ಬುಡವಿಲ್ಲದೆ ತೇಲುತ್ತಿರುವಂತೆ ಕಾಣುತ್ತಿದ್ದವು. ಗುರುದ್ವಾರದ ಕಡೆಯಿಂದ ಹಾಡು, ಮಿಲಿಟರಿಯವರ ಕಡೆಯಿಂದ ಕಹಳೆ, ಎರಡೂ ನೀರಿನ ಮೇಲೆ ಬಂದು ಕಲಸಿಹೋಗುತ್ತಿದ್ದವು. ಆ ಮಂಜಿನಲ್ಲಿ ಏಳೆಂಟು ಜನ ಸದ್ದಿಲ್ಲದೆ ಕೈ ಎತ್ತುವುದು, ಇಳಿಸುವುದು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಸರಿಯುವುದು. ಎಲ್ಲರೂ ಎದೆಯುದ್ದ ನೀರಿನಲ್ಲಿ ನಡೆಯುತ್ತಿರುವಂತಿತ್ತು. ಮೊದಲ ದಿನ ನೋಡುತ್ತಾ ನಿಂತವನಿಗೆ ನಾನಿನ್ನೂ ಹಾಸಿಗೆಯಿಂದ ಎದ್ದೇ ಇಲ್ಲವೇನೋ ಎಂಬ ಅನುಮಾನ ಬಂತು.

ಟೀಚರ್ ಹುಟ್ಟಿ ಬೆಳೆದದ್ದೆಲ್ಲ ಶಿವಾಜಿನಗರ. ಅವರಪ್ಪನಿಗೆ ಷೂ ಅಂಗಡಿ ಇತ್ತಂತೆ, ಈ ವಿದ್ಯೆ ಕಲಿಸಿದ್ದೂ ಅವರೇ ಅಂತೆ. ಕನ್ನಡ, ತಮಿಳು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಆಡಿ ಮುಗಿಸುತ್ತಿದ್ದರು. ಸಣ್ಣ ಮೈ, ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಬಟ್ಟೆಯ ಷೂ. ಅವರು ಹಾವು ಇಳಿಯುವ ಭಂಗಿ ಮಾಡಿ ತೋರಿಸಿದರು. ಒಂದು ಕಾಲು ಮಡಿಸಿ ಅದರ ಮೇಲೆ ಪೂರ್ತಿ ಕೂತು, ಇನ್ನೊಂದನ್ನು ನೆಲಕ್ಕೆ ಸಮನಾಗಿ ಚಾಚಿ, ಅಲ್ಲಿಂದ ಹಾಗೇ ಮುಂದೆ ಸರಿದು ಎದ್ದರು. ಬಟ್ಟೆಯ ಸರಬರ ಸದ್ದು ಕೂಡ ಬರಲಿಲ್ಲ. ನನಗೆ ಅದೇ ಬೇಕು, ಅದನ್ನೇ ಹೇಳಿಕೊಡಿ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ ಎದ್ದಿದೀರ ಸಾರ್, ನಿಮ್ ಕಾಲಿನ್ನೂ ಮಲಗಿದೆ. ಫಸ್ಟ್ ಅದನ್ನ ಎಬ್ಬಿಸಿ" ಅಂದರು.

ಎಬ್ಬಿಸುವುದೆಂದರೆ ಅಷ್ಟಿಷ್ಟಲ್ಲ. ಮೊದಲು ಸುಮ್ಮನೆ ನಿಂತು ಮೈಯನ್ನೆಲ್ಲ ಅಲುಗಿಸುವುದು, ಒದ್ದೆ ಬಟ್ಟೆ ಕೊಡವಿದಂತೆ. ಆಮೇಲೆ ಕಾಲಿನ ಹೆಬ್ಬೆರಳನ್ನು ನೆಲಕ್ಕೂರಿ ಹಿಮ್ಮಡಿಯನ್ನು ಸುತ್ತಿಸುವುದು. ಸೊಂಟಕ್ಕೆ ಕೈಯಿಟ್ಟು ಬೀಸುವ ಕಲ್ಲಿನ ಹಾಗೆ ನಿಧಾನವಾಗಿ ತಿರುಗುವುದು. ಕೆರೆಯ ಕಂಬಿ ಹಿಡಿದು ಒಂದು ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ಎತ್ತದೆ, ಮೀನಖಂಡದ ಬಿಗಿ ತಾನಾಗಿ ಬಿಡುವವರೆಗೆ ಕಾಯುವುದು. ಕೊನೆಗೆ ಕಾಲು ಅಗಲಿಸಿ ನಿಂತು ಮೈಯ ಭಾರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸುರಿಯುವುದು. ಮಂಡಿ ಪಾದ ನೋಡಿದ ಕಡೆಗೇ ನೋಡಬೇಕು. ಉಸಿರು ಹಿಡಿದಿರೋ, ಅವತ್ತಿನ ಆಳ ಅಷ್ಟೇ. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ನನಗೋ ಅವಸರ. ಅಮ್ಮನ ಮಾತು ನನ್ನ ಮಂಡಿಗಾಗಿ ಕಾಯುತ್ತದೆಯೇ? ಸೊಸೆಯ ಜೊತೆಗಿನ ಕತೆಗಳೂ ಆಗಲೇ ತುಂಡಾಗತೊಡಗಿದ್ದವು. ಎಮ್ಮೆ ಎಂದು ಶುರುಮಾಡಿ ಮುಂದಿನದು ಸಿಗದೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಇದನ್ನೆಲ್ಲ ನೋಡಿಕೊಂಡು ಸೊಂಟ ತಿರುಗಿಸುತ್ತಾ ಕೂರಲು ನನ್ನಿಂದಾಗಲಿಲ್ಲ. ಒಂದು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಎಬ್ಬಿಸದ ಕಾಲನ್ನೇ ಅಗಲಿಸಿ, ಉಸಿರು ಬಿಗಿಹಿಡಿದು ಒಂದೇ ಸಲ ಇಳಿದೆ. ತೊಡೆಸಂದಿನಲ್ಲಿ ಏನೋ ಚುಳುಕ್ ಅಂದಿತು, ಕಣ್ಣಲ್ಲಿ ನೀರು ಬಂತು. ಹೆಂಡತಿ ಎಣ್ಣೆ ಬಿಸಿಮಾಡಿ ತಂದು ಉಜ್ಜಿದಳು. ಬೈಯಲಿಲ್ಲ. ಅವಳು ಬೈಯದಿದ್ದರೆ ವಿಷಯ ಗಂಭೀರ ಎಂದೇ ಅರ್ಥ.

ಕುಂಟುತ್ತಾ ಕೆರೆಗೆ ಹೋದಾಗ ಟೀಚರ್ ನಡಿಗೆ ನೋಡಿಯೇ ಅರ್ಥ ಮಾಡಿಕೊಂಡರು. ಹಿಟ್ಟು ಕಲಸಿದ ತಕ್ಷಣ ಲಟ್ಟಿಸಿದರೆ ಚಪಾತಿ ಹರಿಯದೆ ಇರುತ್ತದೆಯೇ ಎಂದು ಗದರಿ, ಅಂಥ ಅರ್ಜೆಂಟ್ ಏನು ನಿಮ್ಮದು ಎಂದು ಕೇಳಿದರು. ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಕುರ್ಚಿ, ಸ್ವಾಮಿ, ಟೈಲ್ಸಿನ ಸಾಲು, ಪ್ಲಂಬರ್, ಡಾಕ್ಟರು ಹೇಳಿದ್ದು. ಅವರು ನೀರು ನೋಡುತ್ತಾ ಕೇಳಿಸಿಕೊಂಡರು.

"ಅಮ್ಮ ಒಂದೇ ಕಡೆ ಕೂತಿರ್ತಾರಾ, ಮುಂದೆ ಹೋಗ್ತಾ ಇರ್ತಾರಾ?" ಎಂದು ಕೇಳಿದರು.

"ಹೋಗ್ತಾ ಇರ್ತಾಳೆ."

"ಹಂಗಾದ್ರೆ ಬರೀ ಕೂತ್ರೆ ಆಗಲ್ಲ. ಕೂತಲ್ಲೇ ವೆಯ್ಟ್ ಈ ಕಾಲಿಂದ ಆ ಕಾಲಿಗೆ ಹೋಗ್ಬೇಕು. ಇಲ್ಲಾಂದ್ರೆ ಅವ್ರು ಹೋಗ್ಬಿಡ್ತಾರೆ, ನೀವು ಅಲ್ಲೇ ಇರ್ತೀರ."

ಟೈಮ್ ಇಲ್ಲ ಮೇಡಂ ಅಂದೆ. ಅದಕ್ಕೇ ನಿಧಾನ ಮಾಡಿ ಅಂದರು.

ಅವತ್ತಿನಿಂದ ನಾನು ವಾದ ಬಿಟ್ಟೆ. ನೋವು ಇಳಿಯುವವರೆಗೆ ಬರೀ ನಿಂತು ಅಲುಗಿಸುವುದಷ್ಟೇ. ಉಳಿದವರು ಮುಂದಿನ ಭಂಗಿಗಳಿಗೆ ಹೋದರೂ ಟೀಚರ್ ನನ್ನನ್ನು ಕಂಬಿಯ ಹತ್ತಿರವೇ ನಿಲ್ಲಿಸುತ್ತಿದ್ದರು. ಕಣ್ಣು ಅರ್ಧ ಮುಚ್ಚಿ ಭಾರವನ್ನು ಆಚೆಗೂ ಈಚೆಗೂ ಸುರಿಯುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಹಳೆ ಕೇಳಿತೋ ಇಲ್ಲವೋ, ಹಕ್ಕಿಯೊಂದು ನೀರಿಗಿಳಿದು ಮತ್ತೆ ಎದ್ದಿತೋ ಏನೋ. ಕಾರ್ಖಾನೆಯ ಸೈರನ್, ಅಂಗಳದ ಸಗಣಿಯ ತೇವ, ಬಾವಿಯ ರಾಟೆಯ ಕಿರುಗುಡುವಿಕೆ, ಎಂದೋ ಮರೆತದ್ದೆಲ್ಲ ಮಂಡಿಯಿಂದಲೇ ಮೇಲೇರಿ ಬರುತ್ತಿರುವಂತೆ ಅನ್ನಿಸುತ್ತಿತ್ತು. ಅಮ್ಮ ಇರುವ ಜಾಗವೂ ಹೀಗೇ ಇರಬಹುದೇ ಎಂದು ಯೋಚಿಸುತ್ತಿದ್ದೆ. ಹಾಗಿದ್ದರೆ ಅದೇನು ಅಷ್ಟು ಕೆಟ್ಟ ಜಾಗವಲ್ಲ. ನನ್ನನ್ನು ಹೊರಗೆ ನಿಲ್ಲಿಸಿದ್ದಳಲ್ಲ, ಅದೇ ನನಗೆ ಸಂಕಟ.

ಮಳೆಗಾಲ ಮುಗಿಯುವ ಹೊತ್ತಿಗೆ ಕಂಬಿ ಹಿಡಿದು ಪೂರ್ತಿ ಇಳಿಯುವುದು ಬಂತು. ಚಳಿ ಶುರುವಾದಾಗ ಕಂಬಿಯನ್ನು ಎರಡು ಬೆರಳಲ್ಲಿ ಮುಟ್ಟಿದರೆ ಸಾಕಾಗುತ್ತಿತ್ತು. ಒಂದು ಬೆಳಗ್ಗೆ ಟೀಚರ್ ಬಂದು ಆ ಎರಡು ಬೆರಳನ್ನೂ ಮೆಲ್ಲಗೆ ಬಿಡಿಸಿದರು. ನಾನು ಬೀಳಲಿಲ್ಲ. ಹಿಮ್ಮಡಿ ನೆಲದಲ್ಲೇ ಇತ್ತು. ಅವರು ಪಕ್ಕದವರ ಸೊಂಟ ಸರಿಮಾಡಲು ಹೋದರು. ನಾನು ಮಾತ್ರ ಬೆಪ್ಪನ ಹಾಗೆ ಹಲ್ಲು ಕಿರಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಆದರೆ ಅಷ್ಟರಲ್ಲಿ ಮನೆ ಮೌನವಾಗಿತ್ತು. ಅಮ್ಮ ಸೊಸೆಯೊಡನೆಯೂ ಮಾತು ನಿಲ್ಲಿಸಿದ್ದಳು. ನನಗೆ ಹೇಳುತ್ತಿದ್ದ ಯಜಮಾನರು ಮನೆಯಲ್ಲಿಲ್ಲ ಎಂಬುದೂ ಬಂದ್ ಆಗಿತ್ತು. ಅದೂ ಒಂದು ಮಾತಾಗಿತ್ತಲ್ಲ, ಅದಕ್ಕಾದರೂ ಹಾತೊರೆಯುವಂತಾಯಿತು. ಬಿಸಿಲು ಬಿದ್ದಾಗ ಸಾಲಿಗೆ ಬರುವುದನ್ನು ಮಾತ್ರ ಅವಳು ಬಿಡಲಿಲ್ಲ. ಕೈ ನಿಧಾನವಾಗಿತ್ತು, ಗೋಡೆಯ ತನಕ ಹೋಗುವಷ್ಟರಲ್ಲಿ ಆಯಾಸವಾಗುತ್ತಿತ್ತು. ಇನ್ನು ಕಾಯುವಂತಿಲ್ಲ ಎಂದು ಹೆಂಡತಿ ಅಂದಳು. ನನಗೆ ಭಯವಾಗಿತ್ತು. ಕೂತ ಮೇಲೂ ಅವಳು ಮಾತಾಡದಿದ್ದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ.

ಅವತ್ತು ಮಧ್ಯಾಹ್ನ ಅಡುಗೆಮನೆಯ ಕಟ್ಟೆ ಹಿಡಿದು ಕಾಲು ಎಬ್ಬಿಸಿಕೊಂಡೆ. ಹಿಮ್ಮಡಿ, ಮೀನಖಂಡ, ಸೊಂಟ, ಒಂದನ್ನೂ ಬಿಡಲಿಲ್ಲ. ಕುಕ್ಕರ್ ಪಕ್ಕ ನಿಂತು ಸೊಂಟ ತಿರುಗಿಸುವ ಗಂಡನನ್ನು ನೋಡಿ ಬೇರೆ ದಿನವಾಗಿದ್ದರೆ ಹೆಂಡತಿ ಎರಡು ಮಾತು ಆಡದೆ ಬಿಡುತ್ತಿರಲಿಲ್ಲ. ಅವತ್ತು ನನ್ನ ಪ್ಯಾಂಟು ನೋಡಿ, ಪಂಚೆ ಉಟ್ಟುಕೊಳ್ಳಿ ಅಂದಳು, ಅಷ್ಟೇ. ಪಂಚೆ ಎತ್ತಿ ಕಟ್ಟಿ ಹಾಲಿಗೆ ಬಂದೆ. ಅಮ್ಮ ನಡುಹಾಲಿನಲ್ಲಿದ್ದಳು. ಅವಳ ಪಕ್ಕದ ಗೆರೆಗೆ ಹೋಗಿ ನಿಂತು, ಉಸಿರು ಬಿಡುತ್ತಾ ಬಿಡುತ್ತಾ ಇಳಿದೆ. ನೆಲ ತಾನೇ ಮೇಲೆ ಬಂದ ಹಾಗಾಯಿತು.

ಅವಳು ನೋಡಲಿಲ್ಲ. ನಾನೂ ನೋಡಲಿಲ್ಲ. ಗೆರೆಯ ಮೇಲೆ ಬೆರಳಿಟ್ಟು, ಇಲ್ಲದ ಕಳೆಯನ್ನು ಕಿತ್ತು ಪಕ್ಕಕ್ಕೆಸೆದೆ. ಅವಳು ಜರುಗಿದಳು. ಭಾರವನ್ನು ಎಡಗಾಲಿಗೆ ಕೊಟ್ಟು ಬಲಗಾಲು ಮುಂದಿಟ್ಟೆ, ಬಲಕ್ಕೆ ಕೊಟ್ಟು ಎಡಗಾಲು ತಂದೆ. ಬಿಸಿಲು ಬೆನ್ನ ಮೇಲಿತ್ತು. ಒಂದು ಸಾಲು ಮುಗಿಯಿತು, ಇಬ್ಬರೂ ತಿರುಗಿ ಇನ್ನೊಂದು ಹಿಡಿದೆವು. ಮಾತಿಲ್ಲ. ತೊಡೆ ನಡುಗತೊಡಗಿತು. ಇವಳ ಮಾತೆಲ್ಲ ಮುಗಿದ ಮೇಲೆ ಬಂದೆನಲ್ಲ ಅನ್ನಿಸಿತು.

"ಬಿಟ್ಬಿಟ್ ಓಗ್ತಾ ಇದೀಯಲ್ಲಪ್ಪ" ಅಂದಳು ಅಮ್ಮ. ಕೈ ಚಾಚಿ ನನ್ನ ಸಾಲಿನಿಂದ ಏನನ್ನೋ ಕಿತ್ತು ತೋರಿಸಿದಳು. ಬರಿಯ ಬೆರಳು. ತಪ್ಪಾಯಿತು ಅಂದೆ. ಪರವಾಗಿಲ್ಲವೆಂಬಂತೆ ತಲೆಯಾಡಿಸಿದಳು. ಎಷ್ಟೋ ತಿಂಗಳ ಮೇಲೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. ಆ ನೋಟದಲ್ಲಿ ಅಂಜಿಕೆಯಿರಲಿಲ್ಲ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಪರಕೀಯನಲ್ಲ ಎಂಬುದಷ್ಟೇ ಗೊತ್ತಿತ್ತು.

ಆಮೇಲೆ ಅವಳು ಕಿವಿಗೊಟ್ಟು ಏನನ್ನೋ ಆಲಿಸಿ, ಗದ್ದ ಎತ್ತಿ ಆಚೆ ತೋರಿಸಿದಳು. "ಒಂಚೂರ್ ನೋಡಪ್ಪ, ನನ್ ಮಗ ಎದ್ನಾ ಅಂತ. ಹೊಂಗೆ ಮರದ ತಾವ ಜೋಲಿ ಕಟ್ಟಿ ಮಲಗ್ಸಿ ಬಂದಿವ್ನಿ."

ಅವಳು ತೋರಿಸಿದ ಕಡೆ ಫ್ರಿಜ್ ಇತ್ತು. ನಾನು ಅತ್ತ ಚೆನ್ನಾಗಿ ನೋಡಿದೆ, ನೋಡುವಷ್ಟು ಹೊತ್ತು ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಇಲ್ಲ ಕಣಮ್ಮ, ಮಲಗವ್ನೆ" ಅಂದೆ. ಕಾರ್ಖಾನೆ ಸೇರಿದ ಮೇಲೆ ನಾಲಗೆಯಿಂದ ಹೋಗಿಯೇಬಿಟ್ಟಿದ್ದ ಆ ಊರ ಮಾತು ತಾನಾಗಿ ಬಂತು.

"ಮಲಗಿರ್ಲಿ ಬಿಡು" ಅಂದಳು ಅಮ್ಮ, ಮುಂದಿನ ಕಳೆಗೆ ಕೈ ಹಾಕುತ್ತಾ. "ಎದ್ರೆ ನನ್ನ ಬಿಟ್ಟು ಇರಾಕಿಲ್ಲ ಅದು."

"ಇರಾಕಿಲ್ಲ ಕಣಮ್ಮ" ಅಂದೆ.